ಅಮ್ಮ ಜೋಡಿಸಿದ ಚುಕ್ಕಿಗಳು

ನಮ್ಮ ಮನೆಯ ಮುಂಬಾಗಿಲು ತೆರೆದರೆ ದೇವಸ್ಥಾನದ ಪಾರ್ಕಿಂಗ್ ಲಾಟು. ಅಂಗಳ ಅಂತ ನಮಗೆ ಇದ್ದದ್ದು ಅದೇ. ಶನಿವಾರ ಭಾನುವಾರ ಅದರ ತುಂಬ ಕಾರು, ವಾರದ ಉಳಿದ ದಿನ ಬರೀ ಹಳದಿ ಗೆರೆ. ಮಿಶಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನ ಆ ರಸ್ತೆಯಲ್ಲಿ ಉಳಿದವರದೆಲ್ಲ ಎರಡಂತಸ್ತಿನ ಮನೆ, ಮುಂದೆ ಹುಲ್ಲು, ಹಿಂದೆ ಮರದ ಡೆಕ್ಕು. ನಮ್ಮದು ದೇವಸ್ಥಾನದವರು ಅಡುಗೆಯವರಿಗೆ ಅಂತ ಬಿಟ್ಟುಕೊಟ್ಟ ಪುಟ್ಟ ಮನೆ. ಒಂದು ಹಾಲ್, ಒಂದು ರೂಮು, ಅಡುಗೆಮನೆ, ಮತ್ತು ಕಾರೇ ಇಲ್ಲದ ಒಂದು ಗರಾಜು. ಅಡುಗೆಯವರು ಅಂದರೆ ನಮ್ಮಪ್ಪ. ನಂಜನಗೂಡಿನಲ್ಲಿ ಏಳನೇ ಕ್ಲಾಸಿನಲ್ಲಿ ನಪಾಸಾಗಿ ಸ್ಕೂಲು ಬಿಟ್ಟು, ಮದುವೆ ಮನೆಗಳಲ್ಲಿ ನೀರು ಹೊತ್ತು, ತೆಂಗಿನಕಾಯಿ ತುರಿದು, ಕೊನೆಗೆ ಸೌಟು ಹಿಡಿದವರು. ಅಮ್ಮ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತು ಗಣಿತದಲ್ಲಿ ಹೋದವಳು. ಅವಳು ಅದನ್ನು ಹೇಳುವಾಗ ದನಿ ತಗ್ಗಿಸುತ್ತಿರಲಿಲ್ಲ. "ಗಣಿತ ಒಂದೇ ಕಣೇ ಹೋಗಿದ್ದು, ಉಳಿದಿದ್ದೆಲ್ಲ ಪಾಸು" ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮೊದಲು ತಗೊಂಡವಳು ನಾನು. ಇದನ್ನು ಹೇಳಿಕೊಳ್ಳೋಕೆ ನನಗೆ ಸಂಕೋಚ ಇಲ್ಲ. ಈಗ ಶಿಕಾಗೋದ ಒಂದು ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಪ್ರತಿ ವರ್ಷ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಲೆಯ ಪಾಠ ಬಂದಾಗ ಮಕ್ಕಳನ್ನು ಕುರ್ಚಿಯಿಂದ ಎಬ್ಬಿಸಿ ನೆಲದ ಮೇಲೆ ಕೂರಿಸುತ್ತೇನೆ. ಯಾಕೆ ಹಾಗೆ ಅಂತ ಬೇರೆ ಟೀಚರುಗಳು ಕೇಳುತ್ತಾರೆ. ಉತ್ತರ ಬೇಕಾದರೆ ನನ್ನ ಮೂರನೇ ಕ್ಲಾಸಿನ ಆ ವರ್ಷಕ್ಕೆ ಹೋಗಬೇಕು.

ಅಪ್ಪ ಸಾವಿರ ಜನಕ್ಕೆ ಬಿಸಿಬೇಳೆಬಾತು ಬೇಯಿಸುವವರು, ಮನೆಯಲ್ಲಿ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಅಲ್ಲಿ ಅಮ್ಮನದೇ ರಾಜ್ಯ. ಆದರೆ ತಟ್ಟೆಯ ಮುಂದೆ ಕೂತರು ಅಂದರೆ ಪರೀಕ್ಷೆ ಶುರು. ಸಾರಿಗೆ ಇಂಗು ಮುಂದಾಯಿತು, ಹುಳಿಗೆ ಬೆಲ್ಲ ಹಿಂದಾಯಿತು. ಅಮ್ಮ ಸುಮ್ಮನಿರುವವಳಲ್ಲ.

"ನಿಮ್ಮ ಪಾಕಶಾಲೇಲಿ ಕೊಳದಪ್ಪಲೆ ತುಂಬ ಮಾಡ್ತೀರಲ್ಲ, ಅಲ್ಲಿ ಯಾರೂ ತಪ್ಪು ಹೇಳಲ್ಲ, ಯಾಕೆ ಗೊತ್ತಾ? ಪ್ರಸಾದ ಅಂತ ಕಣ್ಣು ಮುಚ್ಚಿ ತಿಂತಾರೆ."

"ಹಂಗಾದ್ರೆ ನೀನೂ ಒಂದು ತುಳಸಿದಳ ಹಾಕಿ ಬಡಿಸು, ನಾನೂ ಕಣ್ಣು ಮುಚ್ಕೊಂಡು ತಿಂತೀನಿ."

ಇದು ಜಗಳ ಅಲ್ಲ, ಊಟದ ಜೊತೆ ನಂಚಿಕೊಳ್ಳೋದು. ನಾನು ಮಧ್ಯೆ ಕೂತು ಇಬ್ಬರ ಪರವಾಗಿಯೂ ಮಾತಾಡುತ್ತಿದ್ದೆ. ಮನೆಯಲ್ಲಿ ನಾನು ಬಾಯಿ ಮುಚ್ಚಿದ ಗಳಿಗೆ ಇರಲಿಲ್ಲ. ದೇವಸ್ಥಾನಕ್ಕೆ ಬರುವ ಬೇರೆ ಮಕ್ಕಳು ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಡಾಕ್ಟರ ಮಕ್ಕಳು, ಇಂಜಿನಿಯರ ಮಕ್ಕಳು. ನಾನೊಬ್ಬಳೇ ಕನ್ನಡದಲ್ಲೇ ಕೇಳಿ ಕನ್ನಡದಲ್ಲೇ ಹೇಳುವವಳು. ಶನಿವಾರ ಪಾಕಶಾಲೆಯಲ್ಲಿ ಕೂತು ಕರಿಬೇವು ಬಿಡಿಸುವುದು ನನ್ನ ಕೆಲಸ. ಆ ಮಕ್ಕಳು ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು.

ಗರಾಜು ಅಮ್ಮನ ಎರಡನೇ ರಾಜ್ಯ. ಮುಂಬಾಗಿಲ ಮುಂದೆ ರಂಗೋಲಿ ಇಟ್ಟರೆ ಕಾರಿನ ಚಕ್ರಕ್ಕೆ ಸಿಗುತ್ತೆ ಅಂತ ಅವಳು ಗರಾಜಿನ ಸಿಮೆಂಟು ನೆಲದಲ್ಲಿ, ದೊಡ್ಡ ಬಾಗಿಲನ್ನು ಅರ್ಧ ಎತ್ತಿ, ಬೆಳಗಿನ ಬೆಳಕಲ್ಲಿ ಕೂತು ಚುಕ್ಕಿ ಇಡುತ್ತಿದ್ದಳು. ನಾಮಕರಣ, ಹಬ್ಬ ಅಂತ ಏನೂ ಇಲ್ಲದಿದ್ದರೂ ದಿನಾ. ಮಿಶಿಗನ್ನಿನ ಚಳಿಗಾಲದಲ್ಲಿ ಒಂದು ದಿನ ಅವಳಿಗೆ ಹಟ ಬಂದು ಹೊಸ್ತಿಲ ಮುಂದಿನ ಹಿಮದ ಮೇಲೇ ಇಡುತ್ತೇನೆ ಅಂತ ಹೊರಟಳು. ಬಿಳಿ ಮೇಲೆ ಬಿಳಿ ಕಾಣಲಿಲ್ಲ. ಕುಂಕುಮ ಕಲಸಿ ಹಾಕಿದಳು. ಮಧ್ಯಾಹ್ನ ಟಪಾಲು ತಂದವನು ಬಾಗಿಲು ಬಡಿದು, ಮನೆಯಲ್ಲಿ ಯಾರಿಗಾದರೂ ಪೆಟ್ಟಾಗಿದೆಯಾ, ಆಂಬುಲೆನ್ಸ್ ಕರೆಯಲಾ ಅಂತ ಗಾಬರಿಯಿಂದ ಕೇಳಿದ. ಅಮ್ಮನಿಗೆ ಅರ್ಥವಾಗದೆ, ಮನೆ ಮುಂದೆ ಬಂದವನಿಗೆ ಕೊಡಬೇಕಾದ್ದು ಅಂತ ಒಂದು ಲೋಟ ಕಾಫಿ ಕೊಟ್ಟಳು. ಅವನೂ ಕುಡಿದು ಹೋದ.

ಸ್ಕೂಲಿನಲ್ಲಿ ನಾನು ಬೇರೆಯೇ ಹುಡುಗಿ. ಸೇರಿದ ಹೊಸದರಲ್ಲಿ ನಾನು ಇಂಗ್ಲಿಷ್ ಮಾತಾಡುವ ರಾಗಕ್ಕೆ ಕ್ಲಾಸು ಗೊಳ್ಳೆಂದು ನಕ್ಕಿತ್ತು. ಅವತ್ತಿಂದ ಬಾಯಿ ಮುಚ್ಚಿದೆ. ಎಲ್ಲ ಅರ್ಥವಾಗುತ್ತಿತ್ತು, ಎಲ್ಲ ಓದುತ್ತಿದ್ದೆ, ಹೇಳು ಅಂದರೆ ಮಾತ್ರ ನಾಲಿಗೆ ಮೇಲೇಳುತ್ತಿರಲಿಲ್ಲ. ಮೂರನೇ ಕ್ಲಾಸಿನ ಕೊನೆ ಹತ್ತಿರ ಬಂದಾಗ ಕ್ಲಾಸ್ ಟೀಚರು ಅಪ್ಪ ಅಮ್ಮನನ್ನು ಕರೆಸಿದರು. ಮಾತು ತಿಳಿಸಿ ಹೇಳುವುದಕ್ಕೆ ಬಸವರಾಜ್ ಅಂಕಲ್ ಜೊತೆಗೆ ಬಂದಿದ್ದರು. ಹುಬ್ಬಳ್ಳಿ ಕಡೆಯವರು. ಸ್ಟರ್ಲಿಂಗ್ ಹೈಟ್ಸ್‌ನ ಕಾರಿನ ಪ್ಲಾಂಟಿನಲ್ಲಿ ಬ್ರೇಕು ಡಿಸೈನ್ ಮಾಡುವ ಇಂಜಿನಿಯರು. ಅಲ್ಲಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದು ನಮ್ಮ ಪಾಕಶಾಲೆಯಲ್ಲಿ ಬದನೆಕಾಯಿ ಹೆಚ್ಚುವುದು ಅವರಿಗೆ ಪರಮಾನಂದ. ಟೀಚರು ಹೇಳಿದ್ದನ್ನು ಅವರು ಆದಷ್ಟು ಮೆತ್ತಗೆ ಮಾಡಿ ಹೇಳಿದರು. ಹುಡುಗಿ ಕ್ಲಾಸಿನಲ್ಲಿ ಮಾತೇ ಆಡುವುದಿಲ್ಲ, ಇವಳಿಗೆ ಎಷ್ಟು ಬಂದಿದೆ ಅಂತ ನಮಗೆ ತಿಳಿಯುತ್ತಿಲ್ಲ, ಇನ್ನೊಂದು ವರ್ಷ ಮೂರನೇ ಕ್ಲಾಸಿನಲ್ಲೇ ಇರಲಿ ಅನ್ನುವ ಯೋಚನೆ ಇದೆ. ತೀರ್ಮಾನ, ಅಪ್ಪ ಅಮ್ಮಂದಿರು ಸ್ಕೂಲಿಗೆ ಬಂದು ಮಕ್ಕಳ ಕೆಲಸ ನೋಡುವ ಓಪನ್ ಹೌಸ್ ಮುಗಿದ ಮೇಲೆ.

ಸೋಮವಾರ ಅಪ್ಪನ ರಜಾ ದಿನ. ಆ ಸೋಮವಾರ ಊಟಕ್ಕೆ ಯಾರೂ ತಪ್ಪು ಹೇಳಲಿಲ್ಲ. ನಾನು ಹಾಲಿನಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಅಡುಗೆಮನೆಯಿಂದ ಮಾತು ಕೇಳುತ್ತಿತ್ತು.

"ಅವಳು ನಪಾಸಾದ್ರೆ ಇಲ್ಲಿ ಇಟ್ಕೊಂಡು ಪ್ರಯೋಜನ ಇಲ್ಲ ಕಣೆ. ನೀನು ಅವಳನ್ನ ಕರ್ಕೊಂಡು ನಂಜನಗೂಡಿಗೆ ಹೋಗ್ಬಿಡು. ನಮ್ಮಮ್ಮನ ಹತ್ರ ಇರಿ. ಕನ್ನಡ ಸ್ಕೂಲಲ್ಲಿ ಓದ್ಲಿ. ನಾನು ಇಲ್ಲಿಂದ ಕಳಿಸ್ತೀನಿ."

"ನೀವೊಬ್ರೇ ಇಲ್ಲಿ ಏನ್ ಮಾಡ್ತೀರ?"

"ಏನ್ ಮಾಡ್ತೀನಿ? ಅಡುಗೆ ಮಾಡ್ತೀನಿ."

"ನಪಾಸು ಅಂತ ಯಾಕಂತೀರಿ, ಇನ್ನೂ ಆಗಿಲ್ವಲ್ಲ."

"ನಾನು ಆದವನು. ನೀನು ಆದವಳು. ನಮಗೆ ಗೊತ್ತಿಲ್ವಾ ಅದು ಹೆಂಗೆ ಬರತ್ತೆ ಅಂತ?"

ಅಮ್ಮ ಸಿಂಕಿನಲ್ಲಿ ನಲ್ಲಿ ಬಿಟ್ಟಳು. ಅಳುವವರು ನಲ್ಲಿಯನ್ನು ಯಾಕೆ ಬಿಡುತ್ತಾರೆ ಅಂತ ಆ ವಯಸ್ಸಿನಲ್ಲೇ ನನಗೆ ಗೊತ್ತಾಯಿತು.

ನಮ್ಮ ಚಿತ್ರಕಲೆ ಟೀಚರು ಮಿಸ್ ಹಾರ್ಪರ್. ಎತ್ತರದ ಹೆಂಗಸು, ಏಪ್ರನ್ನಿನ ಮೇಲೆ ಎಲ್ಲ ಬಣ್ಣವೂ ಇರುತ್ತಿತ್ತು. ಓಪನ್ ಹೌಸಿಗೆ ಮೂರನೇ ಕ್ಲಾಸಿನವರ ಕೆಲಸ ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಲೆಯ ಪಾಠ. ಪಾಠ ಕಲಿತು, ಒಂದೊಂದು ಚಿತ್ರ ಮಾಡಿ, ಅದರ ಪಕ್ಕ ನಿಂತು ಬಂದವರಿಗೆ ಅದರ ಕಥೆ ಹೇಳಬೇಕು. ಮಿಸ್ ಹಾರ್ಪರ್ ನನ್ನನ್ನು ಪಕ್ಕಕ್ಕೆ ಕರೆದು ಮಂಡಿಯೂರಿ ಕೂತು ಹೇಳಿದರು: ಪ್ರಿನ್ಸಿಪಾಲರೂ ನಿನ್ನ ಕ್ಲಾಸ್ ಟೀಚರೂ ಅವತ್ತು ಬರುತ್ತಾರೆ, ಅವರ ಮುಂದೆ ನೀನು ನಿನ್ನ ಚಿತ್ರದ ಕಥೆ ಹೇಳಿದರೆ ನಾಲ್ಕನೇ ಕ್ಲಾಸಿಗೆ ಕಳಿಸಿ ಅಂತ ನಾನೇ ಕೇಳುತ್ತೇನೆ, ನೀನು ಹೇಳದಿದ್ದರೆ ನನ್ನ ಕೈಲೂ ಏನೂ ಇಲ್ಲ. ನಾನು ತಲೆ ಆಡಿಸಿದೆ. ತಲೆ ಆಡಿಸೋದು ನನಗೆ ಚೆನ್ನಾಗಿ ಬರುತ್ತಿತ್ತು.

ಮೊದಲ ವಾರ ಎಲ್ಲರೂ ಕಾಂಗರೂ ಬರೆದೆವು. ಕಾಂಗರೂ ಹೊಟ್ಟೆ ತುಂಬ ಚುಕ್ಕಿ, ಹಲ್ಲಿ ಬೆನ್ನ ತುಂಬ ಚುಕ್ಕಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ಒಂದು ಚುಕ್ಕಿ. ಎರಡನೇ ವಾರ ಆಂಟಿ ರೂತ್ ಬಂದರು. ಅವರು ಆಸ್ಟ್ರೇಲಿಯಾದ ನಡುವಿನ ಮರಳುಗಾಡಿನ ಕಡೆಯವರು, ಚಿತ್ರ ಬರೆಯುವವರು. ಡೆಟ್ರಾಯಿಟಿನಲ್ಲಿ ಅವರ ಕಡೆಯವರ ಚಿತ್ರಗಳ ಪ್ರದರ್ಶನವಿತ್ತು. ಮಿಸ್ ಹಾರ್ಪರ್ ಬೇಡಿಕೊಂಡು ಒಂದು ದಿನಕ್ಕೆ ಕರೆಸಿದ್ದರು. ಬೆಳ್ಳಿಕೂದಲು, ಹೂವಿನ ಲಂಗ, ಗಟ್ಟಿ ನಗು. ನಮ್ಮಲ್ಲಿ ದೊಡ್ಡವರನ್ನ ಹೆಸರು ಹಿಡಿದು ಕರೆಯಲ್ಲ, ಆಂಟಿ ಅನ್ನಿ ಅಂದರು. ಕ್ಲಾಸಿನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕೆಂದರು. ನನಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ದೊಡ್ಡವರನ್ನು ಇನ್ನು ಹೇಗೆ ಕರೆಯುತ್ತಾರೆ?

ಗೋಡೆಯ ಮೇಲೆ ಸಾಲಾಗಿ ಅಂಟಿಸಿದ್ದ ನಮ್ಮ ಕಾಂಗರೂಗಳನ್ನು ಅವರು ಒಂದೊಂದಾಗಿ ನೋಡಿದರು. ಒಬ್ಬ ಹುಡುಗನನ್ನು ಕೇಳಿದರು.

"ಈ ಕಾಂಗರೂನ ನಿಂಗೆ ಯಾರು ಕೊಟ್ಟಿದ್ದು?"

"ಇಂಟರ್ನೆಟ್ಟು."

ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಆಮೇಲೆ ನಮ್ಮನ್ನು ಹೊರಗೆ ಆಟದ ಮೈದಾನಕ್ಕೆ ಕರೆದುಕೊಂಡು ಹೋಗಿ, ಜಾರುಬಂಡೆಯ ಕೆಳಗಿನ ಮರಳ ಮೇಲೆ ಕೂತರು. ನಮ್ಮನ್ನೂ ಕೂರಿಸಿದರು. ಚಕ್ಕಳಮಕ್ಕಳ ಹಾಕಿ ಕೂತು ಎದ್ದರೆ ಮರಳಲ್ಲಿ ಯಾವ ಗುರುತು ಉಳಿಯುತ್ತೆ ಅಂತ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಗರಾಜಿನಲ್ಲಿ ಅಮ್ಮ ಕೂತೆದ್ದ ಜಾಗದಲ್ಲಿ ರಂಗೋಲಿ ಪುಡಿ ಉಳಿಸುವ ಗುರುತನ್ನು ದಿನಾ ನೋಡುತ್ತಿದ್ದೆ. ಹೇಳಲಿಲ್ಲ. ಅವರೇ ಎದ್ದು ತೋರಿಸಿದರು, ಕುದುರೆ ಲಾಳದ ಹಾಗೆ ಬಾಗಿದ ಒಂದು ಗೆರೆ. ನಮ್ಮ ಚಿತ್ರದಲ್ಲಿ ಮನುಷ್ಯ ಅಂದರೆ ಇದು, ಅಂದರು. ಪಕ್ಕದಲ್ಲಿ ಒಂದು ನೇರ ಗೆರೆ, ಅದು ನೆಲ ಅಗೆಯುವ ಕೋಲು, ಹಾಗಾದರೆ ಕೂತವಳು ಹೆಂಗಸು. ಒಂದರೊಳಗೊಂದು ವೃತ್ತ, ಅದು ನೀರಿರುವ ಜಾಗ, ಇಲ್ಲವೇ ಜನ ಬೀಡುಬಿಟ್ಟ ಜಾಗ. ಅವರು ಬೆರಳಲ್ಲಿ ಬರೆಯುತ್ತ ಕಥೆ ಹೇಳಿದರು, ಒಂದು ತುಂಡು ಮುಗಿದ ಕೂಡಲೇ ಅಂಗೈಯಲ್ಲಿ ಒರೆಸಿ ಮುಂದಿನದು ಬರೆದರು. ಒರೆಸಿದಾಗಲೆಲ್ಲ ಮಕ್ಕಳು ಅಯ್ಯೋ ಅನ್ನುತ್ತಿದ್ದರು. ನನಗೆ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ನಿನ್ನೆಯದನ್ನು ಗುಡಿಸಿದ ಮೇಲೇ ಇವತ್ತಿನದು.

ಅವತ್ತು ಅವರು ಹೇಳಿದ್ದನ್ನೇ ನಾನು ಇವತ್ತಿಗೂ ಮಕ್ಕಳಿಗೆ ಹೇಳುವುದು. ಚಿತ್ರ ಅಂದರೆ ಎದುರಿಗೆ ನಿಂತು ನೋಡಿದ್ದಲ್ಲ, ಮೇಲಿಂದ ನೋಡಿದ ನೆಲ. ಪೂರ್ವಿಕರು ನಡೆದಾಡಿ ಬೆಟ್ಟ, ನೀರು, ದಾರಿ ಮಾಡಿದ ನೆಲ. ಆಸ್ಟ್ರೇಲಿಯಾದಲ್ಲಿ ನಮ್ಮವರು ಅಂದರೆ ಒಂದೇ ಥರದ ಜನ ಅಲ್ಲ, ಬೇರೆ ಬೇರೆ ಭಾಷೆ, ಬೇರೆ ಬೇರೆ ನಾಡು. ಚುಕ್ಕಿ ಇಡುವವರು ನಾವು ಕೆಲವರು, ಅಂದರು ಆಂಟಿ ರೂತ್. ಉತ್ತರದ ಕಡೆಯವರು ಮರದ ತೊಗಟೆ ಮೇಲೆ ಕೂದಲೆಳೆಯಂಥ ಗೆರೆಗಳನ್ನು ಒಂದರ ಮೇಲೊಂದು ಎಳೆಯುತ್ತಾರೆ. ಮತ್ತೆ, ಕಥೆಗೆ ಒಡೆಯರಿರುತ್ತಾರೆ. ನನಗೆ ನನ್ನ ಅಜ್ಜಿ ಒಂದು ನೀರಿನ ಹೊಂಡದ ಕಥೆ ಕೊಟ್ಟಿದ್ದಾಳೆ, ನಾನು ಅದನ್ನು ಬರೆಯುತ್ತೇನೆ. ಪಕ್ಕದ ಮನೆಯವಳಿಗೆ ಮಳೆಯ ಕಥೆ ಇದೆ. ಅದನ್ನು ಬರೆಯುವಷ್ಟು ಕೈ ನನಗಿದೆ, ಬರೆಯುವುದಿಲ್ಲ. ಅದು ಅವಳದು. ಇನ್ನು ಕೆಲವು ಸಂಗತಿ ಎಲ್ಲರ ಕಣ್ಣಿಗೂ ಅಲ್ಲ. ನೆಲದ ಚಿತ್ರ ಬಟ್ಟೆಯ ಮೇಲೆ ಏರಿ ಊರೂರಿಗೆ ಹೋಗಲು ಶುರುವಾದಾಗ, ಅಂಥದ್ದನ್ನು ನಮ್ಮ ಹಿರಿಯರು ಚುಕ್ಕಿ ಇಟ್ಟು ಮುಚ್ಚಿದ್ದೂ ಉಂಟು.

ಒಬ್ಬಳು ಹುಡುಗಿ ಕೇಳಿದಳು, "ಹಾಗಾದ್ರೆ ನಾವು ಏನು ಬರೀಬೇಕು?"

"ನೀವು ಯಾವ ನೆಲದ ಮೇಲೆ ಕೂತು ಊಟ ಮಾಡ್ತೀರೋ ಅದನ್ನ ಬರೀರಿ. ನಮ್ಮ ಗುರುತು ನಮಗಿರಲಿ. ನಿಮ್ಮ ಗುರುತು ನೀವು ಹುಡುಕ್ಕೊಳ್ಳಿ."

ಸಂಜೆ ಸಾರನ್ನ ಕಲಸುತ್ತ ಅಮ್ಮನಿಗೆ ಎಲ್ಲ ಹೇಳಿದೆ. ಮರಳು, ಲಾಳ, ಹೊಂಡ, ಅಜ್ಜಿ, ಒಂದೂ ಬಿಡಲಿಲ್ಲ. ಅಮ್ಮ ಬಾಯಿ ಬಿಟ್ಟುಕೊಂಡು ಕೇಳಿದಳು.

"ಪಾಪ, ಅಷ್ಟು ದೂರದಿಂದ ಬಂದೋರಿಗೆ ನಿಮ್ಮ ಸ್ಕೂಲಲ್ಲಿ ಊಟ ಹಾಕಿದ್ರಾ?"

"ಸ್ಯಾಂಡ್‌ವಿಚ್ ಕೊಟ್ರು."

"ಥೂ! ಮನೆಗೆ ಕರ್ಕೊಂಡು ಬರಬಾರದಿತ್ತಾ?"

ನನ್ನ ಚಿತ್ರ ಶುರುವಾಯಿತು. ಕಾಗದ ದಪ್ಪ, ಮಣ್ಣಿನ ಬಣ್ಣದ್ದು. ಮೇಲಿಂದ ನೋಡಿದ ಹಾಗೆ ಒಂದು ದೊಡ್ಡ ಚೌಕ, ಪಾಕಶಾಲೆ. ಒಂದು ಚಿಕ್ಕ ಚೌಕ, ನಮ್ಮ ಮನೆ. ಮಧ್ಯೆ ಪಾರ್ಕಿಂಗ್ ಲಾಟು, ಅದರಲ್ಲಿ ದಿನಕ್ಕೆ ಹತ್ತಾರು ಸಲ ಓಡಾಡುವ ಅಪ್ಪನ ಹೆಜ್ಜೆ. ಅಪ್ಪನಿಗೆ ಸೌಟಿನ ಗುರುತು. ಅಮ್ಮನಿಗೆ ಅರ್ಧ ಎತ್ತಿದ ಗರಾಜಿನ ಬಾಗಿಲು. ನನಗೆ ಒಂದು ಕರಿಬೇವಿನ ಎಲೆ. ಇಷ್ಟಾದ ಮೇಲೆ ಇನ್ನೊಂದು ದಾರಿ ಬರೆದೆ, ಮನೆಯಿಂದ ಹೊರಟು ಕಾಗದದ ಅಂಚಿಗೆ ಹೋಗಿ ಆಚೆ ಬೀಳುವ ದಾರಿ. ಅದರ ಮೇಲೆ ಗರಾಜಿನ ಬಾಗಿಲು ಮತ್ತು ಎಲೆ ಮಾತ್ರ, ಸೌಟಿಲ್ಲ. ಬರೆದು, ನೋಡಿ, ಅದರ ಮೇಲೆ ಒತ್ತೊತ್ತಾಗಿ ಚುಕ್ಕಿ ಇಟ್ಟು ಮುಚ್ಚಿದೆ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ಪಾರ್ಕಿಂಗ್ ಲಾಟಿಗೆ ಎರಚುವ ಉಪ್ಪಿನ ಹಾಗೆ ಬಿಳಿ ಚುಕ್ಕಿ, ನಡುನಡುವೆ ಅರಿಸಿನದ್ದು. ಉಳಿದ ಜಾಗಕ್ಕೂ ಚುಕ್ಕಿ. ಮುಗಿಯಲಿಲ್ಲ ಅಂತ ಓಪನ್ ಹೌಸಿನ ಹಿಂದಿನ ದಿನ ಮನೆಗೆ ತಂದೆ. ಕೊನೆಯ ಚುಕ್ಕಿ ಇಟ್ಟು, ಬಣ್ಣದ ಡಬ್ಬಿ ಪಕ್ಕದಲ್ಲೇ ಬಿಟ್ಟು, ಕಾಗದವನ್ನು ಊಟದ ಮೇಜಿನ ಮೇಲೆ ಒಣಗೋಕೆ ಹಾಕಿ ಮಲಗಿದೆ.

ಬೆಳಿಗ್ಗೆ ಎದ್ದು ಬಂದರೆ ಅಮ್ಮ ಮೇಜಿನ ಮೇಲೆ ಬಗ್ಗಿದ್ದಾಳೆ. ಕೈಯಲ್ಲಿ ಹತ್ತಿಕಡ್ಡಿ. ನನ್ನ ಚುಕ್ಕಿಗಳೆಲ್ಲ ಜೋಡಿಯಾಗಿವೆ. ಬಿಳಿ ಗೆರೆ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ, ಬಳುಕಿ, ಸುತ್ತಿ, ಕಾಗದದ ಈ ಮೂಲೆಯಿಂದ ಆ ಮೂಲೆವರೆಗೆ ಹರಿದಿದೆ. ಅವಳ ಮುಖದಲ್ಲಿ ಹಬ್ಬದ ಸಂತೋಷ.

"ನೋಡು ಪುಟ್ಟಿ, ಮುಗಿಸಿಬಿಟ್ಟೆ. ಚುಕ್ಕಿ ಇಟ್ಟು ಹಂಗೇ ಮಲಗಿದ್ಯಲ್ಲೇ! ಸಾಲೂ ಸರಿಯಾಗಿ ಇಟ್ಟಿಲ್ಲ ನೀನು, ಎಷ್ಟು ಒದ್ದಾಡಿದೆ ಗೊತ್ತಾ ಸೇರಿಸೋಕೆ?"

ನಾನು ಕಿರುಚಿದೆ. ಏನು ಕಿರುಚಿದೆ ಅಂತ ನೆನಪಿಲ್ಲ, ಅಪ್ಪ ಕಾಫಿ ಲೋಟ ಹಿಡಿದು ಓಡಿ ಬಂದದ್ದು ನೆನಪಿದೆ.

"ಯಾಕೆ ಸೇರಿಸ್ದೆ? ಯಾರು ಹೇಳಿದ್ರು ನಿಂಗೆ? ಅದು ಸೇರಿಸೋ ಚುಕ್ಕಿ ಅಲ್ಲ!"

"ಸೇರಿಸದೇ ಇರೋ ಚುಕ್ಕಿ ಎಲ್ಲಾದ್ರೂ ಉಂಟೇನೇ? ಚುಕ್ಕಿ ಇಟ್ಟು ಅರ್ಧಕ್ಕೆ ಬಿಟ್ಟು ಹೋದ್ರೆ ಮನೇಲಿ ಏನೋ ಆಗಿದೆ ಅಂತ ಅರ್ಥ. ನೋಡಿ ಎದೆ ಧಸಕ್ ಅಂತು ನಂಗೆ."

"ಬೆಳಿಗ್ಗೆ ಬೆಳಿಗ್ಗೆ ಏನಿದು ಇಬ್ರದೂ?" ಅಂದರು ಅಪ್ಪ. ಚಿತ್ರ ನೋಡಿದರು. ಸೌಟನ್ನು ಗುರುತು ಹಿಡಿದರು. "ಇದು ನಾನಾ?" ಅಂದರು. ನಾನು ಕಾಗದ ಸುತ್ತಿಕೊಂಡು ಸ್ಕೂಲ್ ಬಸ್ಸಿಗೆ ಓಡಿದೆ.

ಮಿಸ್ ಹಾರ್ಪರ್ ಕಾಗದ ಬಿಚ್ಚಿ ಬಹಳ ಹೊತ್ತು ನೋಡಿದರು. ಹಾಳಾಯಿತು ಅಂತಲೂ ಅನ್ನಲಿಲ್ಲ, ಚೆನ್ನಾಗಿದೆ ಅಂತಲೂ ಅನ್ನಲಿಲ್ಲ. ಗೆರೆ ಎಳೆದದ್ದು ಯಾರು ಅಂತ ಕೇಳಿದರು. "ಮಾಮ್" ಅಂದೆ, ತುಟಿ ಮಾತ್ರ ಆಡಿಸಿ. ಅಷ್ಟು ಮಾತೂ ಅವರಿಗೆ ಹೊಸದು. ಬೇರೆ ಕಾಗದ ಕೊಡಲಾ ಅಂದರು. ನಾನು ಚಿತ್ರದ ಕಡೆ ನೋಡಿದೆ. ಅಮ್ಮ ನಿಜವಾಗಿಯೂ ಒದ್ದಾಡಿದ್ದಳು. ನನ್ನ ಓರೆಕೋರೆ ಚುಕ್ಕಿಗಳಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಬೇಡ ಅಂತ ತಲೆ ಆಡಿಸಿದೆ.

ಸಂಜೆ ಓಪನ್ ಹೌಸು. ಅಪ್ಪನಿಗೆ ದೇವಸ್ಥಾನದಲ್ಲಿ ದೊಡ್ಡ ಪೂಜೆಯ ಅಡುಗೆ, ಬರುವ ಹಾಗಿರಲಿಲ್ಲ. ಬಸವರಾಜ್ ಅಂಕಲ್ ಅಮ್ಮನನ್ನು ಕಾರಿನಲ್ಲಿ ಕರೆತಂದರು. ಅಮ್ಮ ಮೈಸೂರು ಸಿಲ್ಕ್ ಸೀರೆ ಉಟ್ಟು, ಮೇಲೆ ಸ್ವೆಟರ್ ಹಾಕಿಕೊಂಡು, ನನ್ನ ಚಿತ್ರದಿಂದ ಎರಡು ಮಾರು ದೂರದಲ್ಲಿ ತಪ್ಪು ಮಾಡಿದವಳ ಹಾಗೆ ನಿಂತಳು.

"ಏನವಾ, ಬಾಯಾಗ ನೀರು ಇಟ್ಕೊಂಡು ನಿಂತೀಯೇನು? ಮನ್ಯಾಗ ಪಟಪಟ ಅಂತೀಯಲ್ಲ, ಅದನ್ನ ಇಲ್ಲಿ ಒಂದೀಟು ಬಿಡು" ಅಂತ ಅಂಕಲ್ ನನ್ನ ತಲೆ ಸವರಿದರು.

ಪ್ರಿನ್ಸಿಪಾಲರು, ಕ್ಲಾಸ್ ಟೀಚರು, ಮಿಸ್ ಹಾರ್ಪರ್ ಮೂವರೂ ಒಂದೊಂದೇ ಮೇಜು ದಾಟಿ ಬಂದರು. ಪಕ್ಕದ ಹುಡುಗ ತನ್ನ ಮನೆಯ ನಾಯಿಯ ದಾರಿಯನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ. ನನ್ನ ಸರದಿ. ಮೂವರೂ ನನ್ನ ಮುಖ ನೋಡಿದರು. ನಾನು ಮೇಜಿನ ಅಂಚು ಹಿಡಿದು ನಿಂತೆ. ಕ್ಲಾಸ್ ಟೀಚರು ಪ್ರಿನ್ಸಿಪಾಲರ ಕಡೆ ನೋಡಿದ ನೋಟ ನನಗೆ ಅರ್ಥವಾಯಿತು. ಆ ಮೌನ ಅಂಕಲ್‌ಗೂ ತಡೆಯಲಾಗಲಿಲ್ಲ. ಒಳ್ಳೆಯ ಮನುಷ್ಯ, ನನ್ನನ್ನು ಉಳಿಸಲು ಮುಂದೆ ಬಂದರು. ಇಂಗ್ಲಿಷಿನಲ್ಲಿ, ಇದು ನಮ್ಮ ರಂಗೋಲಿ ಸರ್, ನಮ್ಮ ಹೆಂಗಸರು ದಿನಾ ಮನೆ ಮುಂದೆ ಹಾಕುತ್ತಾರೆ, ಆ ಆಸ್ಟ್ರೇಲಿಯಾದ್ದೂ ಇದೂ ಎರಡೂ ಒಂದೇ, ಅಂದರು. ಪ್ರಿನ್ಸಿಪಾಲರಿಗೂ ಹಗುರಾಯಿತು. ಓ ಹಾಗಾ, ಬಹಳ ಚೆಂದ, ಅಂತ ನಗುತ್ತ ಮುಂದಿನ ಮೇಜಿನ ಕಡೆ ತಿರುಗಿದರು.

ಅವರ ಬೆನ್ನು ಕಂಡಿತು. ಆ ಬೆನ್ನಿನ ಜೊತೆ ನಾಲ್ಕನೇ ಕ್ಲಾಸು ಹೋಗುತ್ತಿದೆ, ಅಪ್ಪ ಒಬ್ಬರೇ ಉಳಿಯುತ್ತಾರೆ ಅಂತ ಗೊತ್ತಾಯಿತು. ಅದರ ಜೊತೆ ಸಿಟ್ಟೂ ಬಂತು. ಒಂದೇ ಅಲ್ಲ ಅದು. ಆಂಟಿ ರೂತ್ ಮರಳಲ್ಲಿ ಕೂತು ಅಷ್ಟೊಂದು ಹೇಳಿದ್ದಾರೆ, ಅಮ್ಮ ಅಷ್ಟು ಒದ್ದಾಡಿದ್ದಾಳೆ, ಇವರು ಒಂದೇ ಮಾತಲ್ಲಿ ಎರಡನ್ನೂ ಒರೆಸಿಬಿಟ್ಟರು.

"ನೋ" ಅಂದೆ.

ಇಡೀ ಕೋಣೆಗೆ ಕೇಳಿಸುವಷ್ಟು ಜೋರಾಗಿ. ಪ್ರಿನ್ಸಿಪಾಲರು ತಿರುಗಿದರು. ಆಮೇಲೆ ನನ್ನ ಇಂಗ್ಲಿಷು ನನ್ನದೇ ರಾಗದಲ್ಲಿ ಹೊರಬಂತು, ನಿಲ್ಲಲೇ ಇಲ್ಲ.

"ಎರಡೂ ಒಂದೇ ಅಲ್ಲ. ಆಂಟಿ ರೂತ್ ಅವರ ಚುಕ್ಕಿ ಅಂದರೆ ನೆಲ. ಅದನ್ನ ಸೇರಿಸಲ್ಲ. ನಮ್ಮಮ್ಮನ ಚುಕ್ಕಿ ನೆಲ ಅಲ್ಲ, ಗೆರೆಗೆ ದಾರಿ. ಅದನ್ನ ಸೇರಿಸದೇ ಬಿಡಲ್ಲ. ಬಿಟ್ಟರೆ ಆ ಮನೆಯವಳಿಗೆ ಏನೋ ಆಗಿದೆ ಅಂತ. ನಾನು ಇಟ್ಟಿದ್ದು ಸೇರಿಸದೇ ಬಿಡೋ ಚುಕ್ಕಿ. ಅಮ್ಮ ಬೆಳಿಗ್ಗೆ ಎದ್ದು ನೋಡಿ, ನನಗೆ ಏನೋ ಆಗಿದೆ ಅಂದ್ಕೊಂಡು ಸೇರಿಸಿದಳು. ಅದಕ್ಕೇ ಇದು ಆಂಟಿ ರೂತ್ ಅವರ ಚಿತ್ರ ಅಲ್ಲ, ರಂಗೋಲಿನೂ ಅಲ್ಲ. ಇದು ನಮ್ಮ ಮನೆ. ಇದು ಅಪ್ಪ, ಸೌಟು. ಇದು ಅಮ್ಮ, ಗರಾಜಿನ ಬಾಗಿಲು. ಇದು ನಾನು. ಇದು ಅಪ್ಪ ನಡೆಯೋ ದಾರಿ."

ಪ್ರಿನ್ಸಿಪಾಲರು ಪಕ್ಕದಲ್ಲಿದ್ದ ಮಕ್ಕಳ ಕುರ್ಚಿ ಎಳೆದು ಅದರ ಮೇಲೆ ಕೂತೇಬಿಟ್ಟರು. ಒಂದೊಂದನ್ನೇ ಕೇಳಿದರು, ನಾನು ಒಂದೊಂದನ್ನೇ ಹೇಳಿದೆ. ಮರಳಿನ ಲಾಳ, ತೊಗಟೆಯ ಗೆರೆ, ಕಥೆಗೆ ಒಡೆಯರಿರುವುದು, ಉಪ್ಪಿನ ಬಣ್ಣ. ಕೊನೆಗೆ ಅವರು ಕಾಗದದ ಅಂಚಿನ ಹತ್ತಿರ ಚುಕ್ಕಿ ಒತ್ತಾಗಿದ್ದ ಜಾಗದ ಮೇಲೆ ಬೆರಳಿಟ್ಟರು. ಇದರ ಕೆಳಗೆ ಏನೋ ಇರುವ ಹಾಗಿದೆಯಲ್ಲ?

"ಇದೆ. ಆದರೆ ಅದು ನಿಮಗಲ್ಲ."

ಕ್ಲಾಸ್ ಟೀಚರು ಬಾಯಿಗೆ ಕೈ ಇಟ್ಟರು. ಮಿಸ್ ಹಾರ್ಪರ್ ಗಟ್ಟಿಯಾಗಿ ನಕ್ಕರು. ಪ್ರಿನ್ಸಿಪಾಲರು ಕಾಗದದಿಂದ ಬೆರಳು ತೆಗೆದು, ಕ್ಷಮಿಸಿ ಮೇಡಂ, ಅಂದರು.

ಕಾರಿನಲ್ಲಿ ಅಂಕಲ್ ಸ್ಟಿಯರಿಂಗ್ ಬಡಿದು ಬಡಿದು ನಕ್ಕರು. "ಅಕ್ಕಾರ, ನಿಮ್ಮ ಮಗಳು ಮೊದಲು ನನಗ ಅಂದ್ಳು, ಆಮೇಲೆ ಪ್ರಿನ್ಸಿಪಾಲಗೂ ಬಿಡಲಿಲ್ರಿ! ಒಂದ ಅಂದಿದ್ದು ನನ್ನ ತಪ್ಪಾತು ನೋಡವಾ, ಇನ್ನ ಮ್ಯಾಲೆ ಕೇಳೇ ಹೇಳ್ತೀನಿ." ಅಮ್ಮ ನಗಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು.

"ಅದರ ಕೆಳಗೆ ಏನಿದೆ ಪುಟ್ಟಿ?"

"ನಂಜನಗೂಡಿನ ದಾರಿ. ನೀನು, ನಾನು ಹೋಗ್ತಿದೀವಿ. ಅಪ್ಪ ಇಲ್ಲ."

ಕಾರು ನಿಂತ ಕೂಡಲೇ ಅಮ್ಮ ಬಾಗಿಲು ತೆಗೆದಳು. ಕಾರಿಳಿದವಳು ಮನೆಗೆ ಹೋಗಲಿಲ್ಲ. ನನ್ನ ಕೈ ಹಿಡಿದು ಪಾರ್ಕಿಂಗ್ ಲಾಟು ದಾಟಿ, ಚಪ್ಪಲಿ ಬಿಟ್ಟು, ನೇರ ಪಾಕಶಾಲೆಗೆ ನಡೆದಳು. ಅಪ್ಪ ಕೊಳದಪ್ಪಲೆಯ ಮುಂದೆ ಬೆವರುತ್ತ ಹುಳಿ ಕದಡುತ್ತಿದ್ದರು.

"ರೀ, ಇವಳೂ ಎಲ್ಲೂ ಹೋಗಲ್ಲ, ನಾನೂ ಎಲ್ಲೂ ಹೋಗಲ್ಲ. ಪಾಸೋ ನಪಾಸೋ, ಇಲ್ಲೇ."

ಅಪ್ಪ ನನ್ನ ಮುಖ ನೋಡಿದರು, ನಮ್ಮ ಹಿಂದೆಯೇ ಬಂದಿದ್ದ ಅಂಕಲ್ ಮುಖ ನೋಡಿದರು. ಅಂಕಲ್ ಎಲ್ಲ ಹೇಳಿದರು, ಬರೀ ಹೇಳಲಿಲ್ಲ, ನಟಿಸಿ ತೋರಿಸಿದರು. ಅಪ್ಪ ಸೌಟು ಬಿಟ್ಟು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಇನ್ನೊಂದು ಸಲ ಹೇಳಿಸಿದರು.

ವಾರ ಕಳೆದು ಮೀಟಿಂಗು. ಅಪ್ಪನೂ ಬಂದರು. ಮಿಸ್ ಹಾರ್ಪರ್ ಮಾತು ಕೊಟ್ಟ ಹಾಗೆ ನನ್ನ ಪರ ಕೂತಿದ್ದರು. ಕ್ಲಾಸ್ ಟೀಚರು ಒಂದೇ ಪ್ರಶ್ನೆ ಕೇಳಿದರು, ಇವಳು ಮನೆಯಲ್ಲಿ ಮಾತಾಡುತ್ತಾಳಾ ಅಂತ. ಅಂಕಲ್ ಕನ್ನಡಕ್ಕೆ ತರುವ ಮೊದಲೇ ಅಪ್ಪನಿಗೆ ಅದು ಅರ್ಥವಾಯಿತು. "ಅಯ್ಯೋ, ಬಾಯಿ ಮುಚ್ಚಿದ್ರೆ ತಾನೆ!" ಅಂದರು. ಅದನ್ನು ಯಾರೂ ಅನುವಾದ ಮಾಡಬೇಕಾಗಲಿಲ್ಲ. ಬೇಸಗೆಯಲ್ಲಿ ಓದು ಬರಹದ ಕ್ಲಾಸಿಗೆ ಬರಬೇಕು, ನಾಲ್ಕನೇ ಕ್ಲಾಸಿಗೆ ಹೋಗಬಹುದು ಅಂದರು.

ಅಲ್ಲಿಂದ ಡಿಗ್ರಿವರೆಗಿನ ದಾರಿ ಸುಲಭದ್ದಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕಾಲೇಜಿಗೆ ಹೇಗೆ ಅಪ್ಲೈ ಮಾಡಬೇಕು ಅಂತ ನಮ್ಮ ಮನೆಯಲ್ಲಿ ಕೇಳೋಕೆ ಯಾರೂ ಇರಲಿಲ್ಲ. ಸೌತ್‌ಫೀಲ್ಡ್‌ನ ಒಂದು ಆಫೀಸಿನಲ್ಲಿ ಸಂಜೆ ಫೋನ್ ಎತ್ತುವ ಕೆಲಸ ಮಾಡಿಕೊಂಡು ಓದಿದೆ. ಬಸ್ಸು ತಪ್ಪಿದ ದಿನ ನಡೆದೆ. ಯಾರಾದರೂ ಬಾಯಿ ಮುಚ್ಚಿಸಲು ನೋಡಿದಾಗ ಮುಚ್ಚಲಿಲ್ಲ. ಗೌನು ತೊಟ್ಟು ವೇದಿಕೆ ಹತ್ತಿದ ದಿನ ಎಲ್ಲರಿಗಿಂತ ಜೋರಾಗಿ ಕೂಗಿದವರು ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಡುಗೆಯವರು, ಒಬ್ಬಳು ರಂಗೋಲಿಯವಳು, ಒಬ್ಬ ಬ್ರೇಕಿನ ಇಂಜಿನಿಯರು. ಆದರೆ ನಮ್ಮ ಮನೆಯವರು ಗೆದ್ದದ್ದು ಅವತ್ತಲ್ಲ. ಬಹಳ ಮೊದಲೇ, ನಾಲ್ಕನೇ ಕ್ಲಾಸಿನ ಆ ಚಳಿಗಾಲದಲ್ಲಿ.

ಹೊಸ ಟೀಚರು ಅಪ್ಪ ಅಮ್ಮನನ್ನು ಕರೆಸಿದ್ದರು. ಅಪ್ಪ ಹಿಂದಿನ ದಿನವೆಲ್ಲ ಊಟ ಸರಿಯಾಗಿ ಮಾಡಲಿಲ್ಲ. ಟೀಚರು ಮುಖ ಗಂಭೀರ ಮಾಡಿಕೊಂಡು ಹೇಳಿದ್ದನ್ನು ಅಂಕಲ್ ಬಾಯಿ ಬಿಗಿ ಹಿಡಿದು ಕನ್ನಡದಲ್ಲಿ ಒಪ್ಪಿಸಿದರು. ನಿಮ್ಮ ಹುಡುಗಿಯ ಮೇಲೆ ಒಂದು ದೂರಿದೆ, ಕ್ಲಾಸಿನಲ್ಲಿ ವಿಪರೀತ ಮಾತಾಡುತ್ತಾಳೆ, ಬೇರೆಯವರಿಗೆ ಬಾಯಿ ತೆರೆಯೋಕೆ ಬಿಡುವುದಿಲ್ಲ, ಮನೆಯಲ್ಲಿ ಸ್ವಲ್ಪ ಗದರಿಸಿ. ಅಪ್ಪ ಎದ್ದು ನಿಂತು ಆ ಟೀಚರಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಅವರು ಕಂಗಾಲಾಗಿ ಅಂಕಲ್ ಕಡೆ ನೋಡಿದರು.

ಆ ಶನಿವಾರ ದೇವಸ್ಥಾನದ ಪ್ರಸಾದಕ್ಕೆ ಪುಳಿಯೋಗರೆ ಅಂತ ತೀರ್ಮಾನವಾಗಿತ್ತು. ಅಪ್ಪ ಯಾರನ್ನೂ ಕೇಳದೆ ಅದರ ಜೊತೆಗೆ ಒಂದು ಕೊಳದಪ್ಪಲೆ ಕೇಸರಿಬಾತು ಮಾಡಿದರು, ದ್ರಾಕ್ಷಿ ಗೋಡಂಬಿ ಕೈ ತುಂಬ ಹಾಕಿ. ಬಡಿಸುವುದಕ್ಕೂ ಬೇರೆಯವರನ್ನು ಬಿಡದೆ ತಾವೇ ನಿಂತರು. ಸಾಲಿನಲ್ಲಿ ಬಂದ ಡಾಕ್ಟರಿಗೆ, ಇಂಜಿನಿಯರಿಗೆ, ಮಕ್ಕಳಿಗೆ, ಒಬ್ಬೊಬ್ಬರ ಎಲೆಗೂ ಒಂದೊಂದು ಸೌಟು ಹಾಕುತ್ತ ಅದೇ ಮಾತು ಹೇಳಿದರು.

"ತಗೊಳ್ಳಿ, ತಗೊಳ್ಳಿ. ನಮ್ಮ ಹುಡುಗಿ ಮೇಲೆ ಸ್ಕೂಲಿಂದ ಕಂಪ್ಲೇಂಟ್ ಬಂದಿದೆ."